ಡಯಾಲಿಸಿಸ್ ಪಡೆಯುವವರ ಆಹಾರ ನಿಯಮ: ರೋಗಿಯೂ ಮನೆಯವರೂ ಅರಿಯಬೇಕಾದ ಸಂಗತಿಗಳು

ಮೂತ್ರಪಿಂಡಗಳ ಶಕ್ತಿ ಕುಂದಿ ಡಯಾಲಿಸಿಸ್ ಪಡೆಯುತ್ತಿರುವವರನ್ನು ಕಾಣಲು ಹೋಗುವ ಬಂಧುಗಳು ಬರಿಗೈಯಲ್ಲಿ ಹೋಗುವುದಿಲ್ಲ. ಎಳನೀರು, ಬಾಳೆಹಣ್ಣು, ಮೂಸಂಬಿ, ಖರ್ಜೂರಗಳನ್ನು ಕೊಂಡೊಯ್ಯುತ್ತಾರೆ. ಉಳಿದ ರೋಗಿಗಳಿಗೆ ಹಿತವಾದ ಈ ನಾಲ್ಕೂ ಪದಾರ್ಥಗಳು ಡಯಾಲಿಸಿಸ್ ರೋಗಿಯ ಹೃದಯಕ್ಕೆ ಅಪಾಯ ತರಬಲ್ಲವು. ಇತ್ತ ಮನೆಯಲ್ಲಿ, ಹಿಂದೆ ವೈದ್ಯರು ಹೇಳಿದ್ದ ಪಥ್ಯವನ್ನೇ ನಂಬಿ, ಬೇಳೆ ಮತ್ತು ಹಾಲನ್ನು ರೋಗಿಗೆ ಕೊಡದೆ ಇಡುತ್ತಾರೆ. ಇದರಿಂದ ರೋಗಿಯು ದಿನೇ ದಿನೇ ಸೊರಗುತ್ತಾನೆ. ಕೊಡಬಾರದ್ದನ್ನು ಪ್ರೀತಿಯಿಂದ ಕೊಡುವುದು, ಕೊಡಬೇಕಾದದ್ದನ್ನು ಭಯದಿಂದ ತಡೆಯುವುದು: ಈ ಎರಡು ತಪ್ಪುಗಳನ್ನು ನಿವಾರಿಸುವುದೇ ಈ ಲೇಖನದ ಉದ್ದೇಶ.

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದ ಅಡಿಯಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತವಾಗಿ ಡಯಾಲಿಸಿಸ್ ದೊರೆಯುವ ವ್ಯವಸ್ಥೆಯಾಯಿತು. ಯಂತ್ರದ ಕೆಲಸ ಆಸ್ಪತ್ರೆಯಲ್ಲಿ ನಡೆಯುತ್ತದೆ. ಉಳಿದರ್ಧ ಚಿಕಿತ್ಸೆ ಮನೆಯ ಅಡುಗೆಮನೆಯಲ್ಲಿ ನಡೆಯಬೇಕು.

ಡಯಾಲಿಸಿಸ್ ಏನನ್ನು ಮಾಡುತ್ತದೆ, ಏನನ್ನು ಮಾಡಲಾರದು

ಆರೋಗ್ಯವಂತರ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸಿ, ಬೇಕಾದದ್ದನ್ನು ಮರಳಿ ಪಡೆದು, ಬೇಡವಾದದ್ದನ್ನು ಮೂತ್ರವಾಗಿ ಹೊರಹಾಕುತ್ತವೆ. ವಾರದ 168 ಗಂಟೆಗಳಲ್ಲಿ ಒಂದು ಗಂಟೆಯೂ ಅವು ವಿರಮಿಸುವುದಿಲ್ಲ. ರಕ್ತದ ಡಯಾಲಿಸಿಸ್ ಆದರೋ ವಾರಕ್ಕೆ ಮೂರು ಸಲ, ಪ್ರತಿ ಸಲ 4 ಗಂಟೆಯಂತೆ ಒಟ್ಟು 12 ಗಂಟೆ ಮಾತ್ರ. ಅನೇಕರಿಗೆ ವಾರಕ್ಕೆ ಎರಡೇ ಸಲ ಸಾಧ್ಯವಾಗುತ್ತದೆ. ಉಳಿದ ಸಮಯದಲ್ಲಿ ಉಂಡ ಉಪ್ಪು, ಕುಡಿದ ನೀರು, ಆಹಾರದಲ್ಲಿನ ಪೊಟ್ಯಾಸಿಯಂ ಮತ್ತು ರಂಜಕ, ಅಂದರೆ ಫಾಸ್ಫರಸ್, ಇವೆಲ್ಲ ದೇಹದಲ್ಲಿಯೇ ಸಂಗ್ರಹವಾಗುತ್ತಾ ಹೋಗುತ್ತವೆ. ಎರಡು ಡಯಾಲಿಸಿಸ್‌ಗಳ ನಡುವಿನ ಅಂತರ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಆದುದರಿಂದ ರಜೆಯ ದಿನ ಸೇರಿ ಅಂತರ ದೀರ್ಘವಾದಾಗ ಪಥ್ಯವೂ ಬಿಗಿಯಾಗಬೇಕು.

ಪ್ರೋಟೀನ್: ಹಳೆಯ ಪಥ್ಯ ಇಲ್ಲಿಗೆ ಮುಗಿಯುತ್ತದೆ

ಮೂತ್ರಪಿಂಡದ ರೋಗ ಆರಂಭವಾಗಿ ಇನ್ನೂ ಡಯಾಲಿಸಿಸ್ ಬೇಕಾಗದ ಹಂತದಲ್ಲಿ ವೈದ್ಯರು ಪ್ರೋಟೀನ್ ಅಂಶವನ್ನು ಕಡಿಮೆ ಮಾಡಲು ಹೇಳುತ್ತಾರೆ. ದೇಹತೂಕದ ಪ್ರತಿ ಕಿಲೋಗೆ 0.6ರಿಂದ 0.8 ಗ್ರಾಂ ಎಂಬುದು ಆಗಿನ ಸಾಮಾನ್ಯ ಲೆಕ್ಕ. ಡಯಾಲಿಸಿಸ್ ಆರಂಭವಾದ ದಿನದಿಂದ ಈ ನಿಯಮ ತಿರುವುಮುರುವಾಗುತ್ತದೆ. ಪ್ರತಿ ಸಲವೂ ಯಂತ್ರದ ಮೂಲಕ ರಕ್ತ ಹಾಯುವಾಗ ಪ್ರೋಟೀನಿನ ಘಟಕಗಳು ಕಲ್ಮಶದೊಂದಿಗೆ ಹೊರಹೋಗುತ್ತವೆ. ಅದನ್ನು ತುಂಬಿಕೊಡಲು ಪ್ರತಿ ಕಿಲೋ ತೂಕಕ್ಕೆ 1.0ರಿಂದ 1.2 ಗ್ರಾಂ ಪ್ರೋಟೀನ್ ಅವಶ್ಯ. 50 ಕಿಲೋ ತೂಕದವರಿಗೆ ದಿನಕ್ಕೆ 50ರಿಂದ 60 ಗ್ರಾಂ ಆಯಿತು. ಇದು ದೊರೆಯದಿದ್ದರೆ ಸ್ನಾಯುಗಳು ಕರಗುತ್ತವೆ, ರಕ್ತದಲ್ಲಿ ಆಲ್ಬುಮಿನ್ ಇಳಿಯುತ್ತದೆ, ಸೋಂಕುಗಳು ಬೇಗ ತಗಲುತ್ತವೆ.

ಮಾಂಸಾಹಾರಿಗಳಿಗೆ ಮೊಟ್ಟೆಯ ಬಿಳಿಭಾಗವನ್ನು ಸೂಚಿಸಿ ವೈದ್ಯರು ಈ ಪ್ರಶ್ನೆಯನ್ನು ಸುಲಭವಾಗಿ ಮುಗಿಸುತ್ತಾರೆ. ನಮ್ಮಂಥ ಸಸ್ಯಾಹಾರಿ ಮನೆಗಳಲ್ಲಿ ತುಸು ಲೆಕ್ಕ ಹಾಕಬೇಕಾಗುತ್ತದೆ, ಆದರೆ ಅಸಾಧ್ಯವೇನಲ್ಲ. 100 ಮಿಲಿಲೀಟರ್ ಹಾಲು ಅಥವಾ ಅಷ್ಟೇ ಮೊಸರಿನಲ್ಲಿ ಸುಮಾರು 3 ಗ್ರಾಂ, 30 ಗ್ರಾಂ ತೊಗರಿ ಅಥವಾ ಹೆಸರುಬೇಳೆಯಲ್ಲಿ ಸುಮಾರು 7 ಗ್ರಾಂ, 50 ಗ್ರಾಂ ಪನೀರಿನಲ್ಲಿ ಸುಮಾರು 9 ಗ್ರಾಂ, 15 ಗ್ರಾಂ ಒಣ ಸೋಯಾ ತುಣುಕುಗಳಲ್ಲಿ ಸುಮಾರು 7 ಗ್ರಾಂ, 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 10 ಗ್ರಾಂ ಪ್ರೋಟೀನ್ ಇರುತ್ತದೆ. ಬೇಳೆಯಲ್ಲಿ ಪೊಟ್ಯಾಸಿಯಂ ಇದೆ, ಹಾಲಿನಲ್ಲಿ ರಂಜಕ ಇದೆ ಎಂಬುದು ನಿಜ. ಅದಕ್ಕಾಗಿ ಅವನ್ನು ಅಳೆದು ಕೊಡಬೇಕೇ ಹೊರತು ಪೂರ್ತಿಯಾಗಿ ನಿಲ್ಲಿಸಬಾರದು.

ಶಕ್ತಿಯೂ ಸಾಕಷ್ಟು ದೊರೆಯಬೇಕು: ಪ್ರತಿ ಕಿಲೋಗೆ ದಿನಕ್ಕೆ 25ರಿಂದ 35 ಕ್ಯಾಲೊರಿ. ಅನ್ನ, ರೊಟ್ಟಿ, ಎಣ್ಣೆಗಳಿಂದ ಈ ಶಕ್ತಿ ಸಿಗದಿದ್ದರೆ ದೇಹವು ಉಂಡ ಪ್ರೋಟೀನನ್ನೇ ಉರಿಸಿಬಿಡುತ್ತದೆ.

ಪೊಟ್ಯಾಸಿಯಂ: ಸದ್ದಿಲ್ಲದ ಅಪಾಯ

ಪೊಟ್ಯಾಸಿಯಂ ಹೃದಯದ ಬಡಿತವನ್ನು ನಿಯಂತ್ರಿಸುವ ಲವಣ. ರಕ್ತದಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ 3.5ರಿಂದ 5ರ ಆಸುಪಾಸಿನಲ್ಲಿರಬೇಕು. 6ನ್ನು ಮೀರಿದರೆ ಹೃದಯದ ಲಯ ತಪ್ಪುವ, ಹಠಾತ್ತನೆ ನಿಂತೇಹೋಗುವ ಸಂಭವವಿದೆ. ಊತ, ಏದುಸಿರುಗಳಂಥ ಮುನ್ಸೂಚನೆಯನ್ನು ಇದು ಕೊಡದೆಯೂ ಇರಬಹುದು. ಆದುದರಿಂದ ಪಥ್ಯದ ಎಲ್ಲ ನಿಯಮಗಳಲ್ಲಿ ಇದು ಮೊದಲನೆಯದು.

ಎಳನೀರನ್ನು ಪೂರ್ತಿಯಾಗಿ ಬಿಡುವುದು ಕ್ಷೇಮ. ಅದರ 100 ಮಿಲಿಲೀಟರಿನಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಡಯಾಲಿಸಿಸ್ ರೋಗಿಗೆ ಇಡೀ ದಿನಕ್ಕೆ ಸಾಮಾನ್ಯವಾಗಿ 2000ರಿಂದ 2500 ಮಿಲಿಗ್ರಾಂ ಮಿತಿ ಇರುವಾಗ, ಒಂದು ದೊಡ್ಡ ಕಾಯಿಯ ನೀರು ಅದರ ದೊಡ್ಡ ಪಾಲನ್ನು ಒಂದೇ ಗುಟುಕಿನ ಅವಧಿಯಲ್ಲಿ ರಕ್ತಕ್ಕೆ ಸೇರಿಸುತ್ತದೆ. ಬಾಳೆಹಣ್ಣು, ಹಲಸು, ಚಿಕ್ಕು, ಮೂಸಂಬಿ, ಕಿತ್ತಳೆ, ಮಾವು, ಎಲ್ಲ ಒಣಹಣ್ಣುಗಳು ಮತ್ತು ಯಾವುದೇ ಹಣ್ಣಿನ ರಸ ಇದೇ ಪಟ್ಟಿಗೆ ಸೇರುತ್ತವೆ. ಆಲೂಗಡ್ಡೆ, ಗೆಣಸು, ಸುವರ್ಣಗೆಡ್ಡೆ, ಟೊಮೆಟೊ, ಪಾಲಕ್, ನುಗ್ಗೆಸೊಪ್ಪು, ದಂಟಿನ ಸೊಪ್ಪುಗಳಲ್ಲಿಯೂ ಪೊಟ್ಯಾಸಿಯಂ ಅಧಿಕ. ಬೆಲ್ಲದಲ್ಲಿ ಸಕ್ಕರೆಗಿಂತ ಬಹಳ ಹೆಚ್ಚು. ಕಮರಾಕ್ಷಿ ಹಣ್ಣಿನ ವಿಷಯವೇ ಬೇರೆ: ಅದರಲ್ಲಿನ ಒಂದು ವಿಷಾಂಶ ಮೂತ್ರಪಿಂಡ ವಿಫಲವಾದವರ ಮಿದುಳನ್ನು ಬಾಧಿಸಿ, ಎಡೆಬಿಡದ ಬಿಕ್ಕಳಿಕೆ, ಗೊಂದಲ, ಅಪಸ್ಮಾರ, ಮರಣವನ್ನೂ ತರಬಲ್ಲದು. ಅದನ್ನು ಒಂದು ಹೋಳೂ ತಿನ್ನಬಾರದು.

ಹಾಗಾದರೆ ತಿನ್ನಬಹುದಾದದ್ದು ಏನು? ಸೇಬು, ಮರಸೇಬು, ಅನಾನಸ್, ಪಪ್ಪಾಯಿ, ನೇರಳೆ, ಇವುಗಳಲ್ಲಿ ಯಾವುದಾದರೊಂದನ್ನು ದಿನಕ್ಕೆ ಸುಮಾರು 100 ಗ್ರಾಂ. ತರಕಾರಿಗಳಲ್ಲಿ ಸೋರೆ, ಹೀರೆ, ಪಡವಲ, ಸೌತೆ, ಎಲೆಕೋಸು, ಬದನೆ ಮೊದಲಾದವು.

ತರಕಾರಿಯ ಪೊಟ್ಯಾಸಿಯಂ ನೀರಿನಲ್ಲಿ ಕರಗುವ ಗುಣವುಳ್ಳದ್ದು. ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಧಾರಾಳವಾದ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಿದರೆ ಗಣನೀಯ ಭಾಗ ಹೊರಹೋಗುತ್ತದೆ. ಬರಿದೆ ನೆನೆಸಿಡುವುದಕ್ಕಿಂತ ಕುದಿಸಿ ಬಸಿಯುವುದೇ ಹೆಚ್ಚು ಫಲಕಾರಿ. ಬೇಳೆಯನ್ನೂ ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ ಬಸಿಯಬಹುದು. ಇಲ್ಲಿ ನಮ್ಮ ಗೃಹಿಣಿಯರು ಗಮನಿಸಬೇಕಾದ ಮಾತೊಂದುಂಟು. ಹೋಳಿಗೆಯ ಬೇಳೆ ಬಸಿದ ಕಟ್ಟಿನಿಂದ ಮಾಡುವ ಕಟ್ಟಿನ ಸಾರು, ಸೊಪ್ಪು ಕಾಳು ಬಸಿದ ನೀರಿನಿಂದ ಮಾಡುವ ಬಸ್ಸಾರು ನಮಗೆಲ್ಲ ಪ್ರಿಯ. ಆದರೆ ಹೊರಗೆ ಹಾಕಬೇಕೆಂದ ಪೊಟ್ಯಾಸಿಯಂ ಎಲ್ಲವೂ ಆ ಕಟ್ಟಿನಲ್ಲಿಯೇ ಇರುತ್ತದೆ. ಬಸಿದ ಬೇಳೆ, ಪಲ್ಯ ರೋಗಿಗೆ ಸಲ್ಲುತ್ತದೆ. ಬಸಿದ ನೀರು ಸಲ್ಲುವುದಿಲ್ಲ.

ನೀರು ಮತ್ತು ಉಪ್ಪು

ದಿನವೊಂದಕ್ಕೆ ಆಗುವ ಮೂತ್ರದ ಪ್ರಮಾಣಕ್ಕೆ 500 ಮಿಲಿಲೀಟರ್ ಕೂಡಿಸಿದರೆ ಬರುವಷ್ಟು ದ್ರವ ಸೇವಿಸಬಹುದು ಎಂಬುದು ರೂಢಿಯ ಸೂತ್ರ. ಮೂತ್ರ 300 ಮಿಲಿಲೀಟರ್ ಆಗುತ್ತಿದ್ದರೆ ಒಟ್ಟು 800 ಮಿಲಿಲೀಟರ್. ಈ ಲೆಕ್ಕದಲ್ಲಿ ಕುಡಿಯುವ ನೀರು ಮಾತ್ರವಲ್ಲ. ಚಹಾ, ಹಾಲು, ಮಜ್ಜಿಗೆ, ಸಾರು, ಅಂಬಲಿ, ಪಾಯಸ, ಮಾತ್ರೆ ನುಂಗಲು ಕುಡಿದ ನೀರು ಎಲ್ಲವೂ ಸೇರುತ್ತವೆ. ಮಿತಿ ಮೀರಿದ ನೀರು ಮೊದಲು ಕಾಲುಗಳಲ್ಲಿ ಊತವಾಗಿ, ಆಮೇಲೆ ಶ್ವಾಸಕೋಶದಲ್ಲಿ ತುಂಬಿ ಉಸಿರಾಟಕ್ಕೆ ತೊಡಕು ತರುತ್ತದೆ. ಅಷ್ಟೊಂದು ನೀರನ್ನು ಯಂತ್ರದಿಂದ ಒಮ್ಮೆಲೇ ತೆಗೆಯುವಾಗ ರಕ್ತದೊತ್ತಡ ಕುಸಿದು, ಸ್ನಾಯುಸೆಳೆತವಾಗಿ, ರೋಗಿ ಬಳಲುತ್ತಾನೆ.

ಬೆಳಿಗ್ಗೆಯೇ ಆ ದಿನದ ಪಾಲಿನ ನೀರನ್ನು ಒಂದು ಬಾಟಲಿಯಲ್ಲಿ ಅಳೆದಿಡಬೇಕು. ಚಹಾ ಕುಡಿದರೆ ಅಷ್ಟೇ ನೀರನ್ನು ಬಾಟಲಿಯಿಂದ ಚೆಲ್ಲಬೇಕು. ಸಂಜೆಗೆ ಎಷ್ಟು ಉಳಿದಿದೆ ಎಂಬುದು ಕಣ್ಣಿಗೆ ಕಾಣುವುದರಿಂದ, ಓದು ಬಾರದವರಿಗೂ ಈ ಕ್ರಮ ಅನುಕೂಲಕರ. ದಿನವೂ ಒಂದೇ ವೇಳೆಯಲ್ಲಿ ತೂಕ ನೋಡಿ ಬರೆದಿಡುವುದು ಇನ್ನೊಂದು ಅವಶ್ಯಕ ಅಭ್ಯಾಸ. ಎರಡು ಡಯಾಲಿಸಿಸ್‌ಗಳ ನಡುವೆ ತೂಕವು ಒಣತೂಕದ ಶೇಕಡ 4ರೊಳಗೆ ಏರಿದರೆ ಒಳ್ಳೆಯದು. ಡಯಾಲಿಸಿಸ್ ಮುಗಿದು ಹೆಚ್ಚುವರಿ ನೀರೆಲ್ಲ ಹೋದ ಮೇಲಿನ ತೂಕವೇ ಒಣತೂಕ. 50 ಕಿಲೋ ಒಣತೂಕದವರಿಗೆ ಈ ಮಿತಿ 2 ಕಿಲೋ.

ಬಾಯಾರಿಕೆಯನ್ನು ತಡೆಯುವ ಉಪಾಯ ಉಪ್ಪಿನಲ್ಲಿದೆ. ಉಪ್ಪು ತಿಂದವರಿಗೆ ನೀರು ಕುಡಿಯಬೇಡವೆಂದು ಹೇಳಿ ಪ್ರಯೋಜನವಿಲ್ಲ. ಇಡೀ ದಿನಕ್ಕೆ ಎಲ್ಲ ಬಗೆಯಿಂದಲೂ ಸೇರಿ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚದಷ್ಟು ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಬೇಕರಿಯ ತಿನಿಸು ಮತ್ತು ಅಡುಗೆ ಸೋಡಾ ಬಳಸಿದ ಪದಾರ್ಥಗಳನ್ನು ದೂರವಿಡಬೇಕು. ರುಚಿಗೆ ನಿಂಬೆಹಣ್ಣಿನ ಕೆಲವು ಹನಿ, ಜೀರಿಗೆ, ಕಾಳುಮೆಣಸು, ಶುಂಠಿ, ಇಂಗು, ಕರಿಬೇವು ಧಾರಾಳವಾಗಿ ನೆರವಾಗುತ್ತವೆ. ಬಾಯಿ ಒಣಗಿದಾಗ ನೀರು ಮುಕ್ಕಳಿಸಿ ಉಗುಳಬಹುದು, ಒಂದು ಮಂಜುಗಡ್ಡೆಯ ತುಂಡನ್ನು ಚೀಪಬಹುದು.

ಅಂಗಡಿಗಳಲ್ಲಿ ರಕ್ತದೊತ್ತಡದವರಿಗೆಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನ ಬಗೆಗೆ ಎಚ್ಚರ ಅಗತ್ಯ. ಅದರಲ್ಲಿ ಸೋಡಿಯಂನ ಬದಲಿಗೆ ಸೇರಿಸಿರುವುದು ಪೊಟ್ಯಾಸಿಯಂ ಕ್ಲೋರೈಡ್. ಡಯಾಲಿಸಿಸ್ ರೋಗಿಗೆ ಅದು ಸಾಮಾನ್ಯ ಉಪ್ಪಿಗಿಂತ ಅಪಾಯಕಾರಿ.

ರಂಜಕ ಮತ್ತು ಅದರ ಮಾತ್ರೆ

ರಂಜಕ ಹೆಚ್ಚಾದರೆ ಮೈ ತುರಿಕೆ ಬರುತ್ತದೆ. ಕಾಲಾಂತರದಲ್ಲಿ ಮೂಳೆಗಳು ದುರ್ಬಲವಾಗಿ, ರಕ್ತನಾಳಗಳು ಸುಣ್ಣಗಟ್ಟುತ್ತವೆ. ದಿನದ ಮಿತಿ ಸಾಮಾನ್ಯವಾಗಿ 800ರಿಂದ 1000 ಮಿಲಿಗ್ರಾಂ. ಬೇಳೆಕಾಳುಗಳಲ್ಲಿನ ರಂಜಕ ಪೂರ್ತಿಯಾಗಿ ಜೀರ್ಣವಾಗುವುದಿಲ್ಲ; ಇದು ಸಸ್ಯಾಹಾರಿಗಳಿಗೆ ಒಂದು ಅನುಕೂಲ. ಆದರೆ ಕೋಲಾ ಪಾನೀಯ, ಸಂಸ್ಕರಿಸಿದ ಚೀಸ್, ಪೊಟ್ಟಣದ ತಿನಿಸುಗಳಿಗೆ ಬೆರೆಸುವ ಫಾಸ್ಫೇಟ್ ಬಹುಪಾಲು ರಕ್ತಕ್ಕೆ ಸೇರುತ್ತದೆ. ಪೊಟ್ಟಣದ ಮೇಲೆ 338ರಿಂದ 343 ಅಥವಾ 450ರಿಂದ 452ರವರೆಗಿನ ಸಂಖ್ಯೆಗಳು ಕಂಡರೆ ಅದನ್ನು ಕೊಳ್ಳಬಾರದು. ಹಾಲನ್ನು ಬತ್ತಿಸಿ ಮಾಡುವ ಖೋವಾ, ಧಾರವಾಡದ ಪೇಡೆ, ಬೆಳಗಾವಿಯ ಕುಂದಾಗಳಲ್ಲಿ ಬಹಳಷ್ಟು ಹಾಲಿನ ರಂಜಕ ಸಣ್ಣ ತುಣುಕಿನಲ್ಲಿ ಅಡಗಿರುತ್ತದೆ. ಎಳ್ಳು, ಶೇಂಗಾ, ಗೋಡಂಬಿ, ಬಾದಾಮಿಗಳೂ ಮಿತವಾಗಿರಬೇಕು.

ರಂಜಕವನ್ನು ಕಟ್ಟಿಹಾಕಲು ವೈದ್ಯರು ಕೊಡುವ ಮಾತ್ರೆಗಳನ್ನು ಊಟದ ಜೊತೆಯಲ್ಲಿಯೇ ತೆಗೆದುಕೊಳ್ಳಬೇಕು. ಅವು ಹೊಟ್ಟೆಯಲ್ಲಿ ಆಹಾರದ ರಂಜಕವನ್ನು ಹಿಡಿದುಕೊಂಡು ಮಲದೊಡನೆ ಹೊರಹೋಗುತ್ತವೆ. ಬರಿಹೊಟ್ಟೆಯಲ್ಲಿ, ಇಲ್ಲವೇ ಊಟವಾಗಿ ಎರಡು ಗಂಟೆಯ ಮೇಲೆ ನುಂಗಿದರೆ ಮಾತ್ರೆ ವ್ಯರ್ಥ.

ಒಂದು ದಿನದ ಮಾದರಿ ಊಟ

50 ಕಿಲೋ ತೂಕದ ಸಸ್ಯಾಹಾರಿಗೆ ಹೀಗೊಂದು ಮಾದರಿಯನ್ನು ಸೂಚಿಸಬಹುದು. ತೂಕಗಳು ಬೇಯಿಸುವ ಮೊದಲಿನವು.

- ಬೆಳಿಗ್ಗೆ: 60 ಗ್ರಾಂ ರವೆಯ ಉಪ್ಪಿಟ್ಟು, 100 ಮಿಲಿಲೀಟರ್ ಹಾಲು ಬೆರೆಸಿದ ಚಹಾ.
- ಮಧ್ಯಾಹ್ನ: 100 ಗ್ರಾಂ ಹಿಟ್ಟಿನ ಜೋಳದ ರೊಟ್ಟಿ, 50 ಗ್ರಾಂ ಅಕ್ಕಿಯ ಅನ್ನ, 30 ಗ್ರಾಂ ಬೇಳೆಯ ಗಟ್ಟಿ ತೊವ್ವೆ, ಬಸಿದ ಹೀರೇಕಾಯಿ ಪಲ್ಯ, 100 ಗ್ರಾಂ ಮೊಸರು.
- ಸಂಜೆ: ಉಪ್ಪು ಹಾಕದ ಒಗ್ಗರಣೆಯ ಮಂಡಕ್ಕಿ, ಅರ್ಧ ಸೇಬು.
- ರಾತ್ರಿ: 75 ಗ್ರಾಂ ಹಿಟ್ಟಿನ ಚಪಾತಿ, 50 ಗ್ರಾಂ ಪನೀರು ಹಾಕಿದ ಎಲೆಕೋಸಿನ ಪಲ್ಯ.

ಇದರಿಂದ 50 ಗ್ರಾಂಗೆ ಮೇಲ್ಪಟ್ಟು ಪ್ರೋಟೀನ್ ದೊರೆಯುತ್ತದೆ. ದ್ರವಗಳನ್ನು ಬಾಟಲಿಯ ಲೆಕ್ಕದಲ್ಲಿ ಹಿಡಿಯಬೇಕು. ಪ್ರತಿ ತಿಂಗಳ ರಕ್ತಪರೀಕ್ಷೆಯ ಫಲಿತಾಂಶ ನೋಡಿ ವೈದ್ಯರು ಅಥವಾ ಆಹಾರತಜ್ಞರು ಈ ಪ್ರಮಾಣಗಳನ್ನು ಬದಲಿಸುತ್ತಾರೆ. ಹೊಟ್ಟೆಯ ಮೂಲಕ ನಡೆಯುವ ಪೆರಿಟೋನಿಯಲ್ ಡಯಾಲಿಸಿಸ್ ಪಡೆಯುವವರ ನಿಯಮಗಳು ಬೇರೆ: ಅವರಿಗೆ ಪೊಟ್ಯಾಸಿಯಂ ನಿರ್ಬಂಧ ಅನೇಕ ಸಲ ಸಡಿಲ, ಪ್ರೋಟೀನಿನ ನಷ್ಟ ಹೆಚ್ಚು. ಅವರು ಈ ಪಟ್ಟಿಯನ್ನು ಹಾಗೆಯೇ ಅನುಸರಿಸಬಾರದು.

ದಾಸೋಹ, ಉಪವಾಸ, ಹಬ್ಬ

ಪ್ರಸಾದವನ್ನು ಕೆಡಿಸಬಾರದೆಂಬ ನಿಷ್ಠೆ ನಮ್ಮಲ್ಲಿ ಹುಟ್ಟಿನಿಂದಲೇ ಬಂದದ್ದು. ಹೀಗಾಗಿ ಎಲೆಯ ಮೇಲೆ ಬಿದ್ದದ್ದನ್ನೆಲ್ಲ ರೋಗಿಯು ಸಂಕೋಚದಿಂದ ಸೇವಿಸಿಬಿಡುವುದುಂಟು. ಬಡಿಸುವ ಮೊದಲೇ ಕೈಮುಗಿದು, ತನಗೆ ಸ್ವಲ್ಪವೇ ಸಾಕೆಂದು ಹೇಳುವುದರಿಂದ ಪ್ರಸಾದಕ್ಕೆ ಯಾವ ಕುಂದೂ ಬಾರದು. ಮಿತವಾಗಿ ಪಡೆದು ಪೂರ್ತಿ ಸೇವಿಸಿದ್ದೇ ಪ್ರಸಾದಕ್ಕೆ ತೋರುವ ಗೌರವ. ದಾಸೋಹದಲ್ಲಿ ಬಡಿಸುವ ಸೇವಕರೂ ಒತ್ತಾಯ ಮಾಡಬಾರದೆಂದು ನಾವು ವಿನಂತಿಸುತ್ತೇವೆ. ಅನ್ನ, ರೊಟ್ಟಿ, ಸ್ವಲ್ಪ ಮೊಸರು ಸಲ್ಲುತ್ತವೆ. ಸಾರನ್ನು ಒಂದು ಸೌಟಿಗೆ ನಿಲ್ಲಿಸಬೇಕು. ಪೂಜೆಯ ವೇಳೆ ಸ್ವೀಕರಿಸುವ ಪಾದೋದಕ ಒಂದು ಚಮಚವಿದ್ದರೆ ಸಾಕು. ಪಂಚಾಮೃತದಲ್ಲಿ ಬಾಳೆಹಣ್ಣು ಇರುವುದರಿಂದ ಒಂದು ಹನಿಯನ್ನು ಕಣ್ಣಿಗೊತ್ತಿ ಸ್ವೀಕರಿಸಿದರೆ ಆಯಿತು.

ಶಿವರಾತ್ರಿ ಮತ್ತು ಶ್ರಾವಣ ಸೋಮವಾರದ ಉಪವಾಸಗಳಲ್ಲಿ ಅನ್ನ ಬಿಟ್ಟು ಹಣ್ಣು, ಖರ್ಜೂರ, ಗೆಣಸು, ಶೇಂಗಾ ತಿನ್ನುವ ರೂಢಿ ಇದೆ. ಡಯಾಲಿಸಿಸ್ ರೋಗಿಗೆ ಅದು ಎರಡು ಬಗೆಯಿಂದ ಕೆಡುಕು: ಪೊಟ್ಯಾಸಿಯಂ ಏರುತ್ತದೆ, ಆಹಾರವಿಲ್ಲದೆ ದೇಹವೂ ಕರಗುತ್ತದೆ. ರೋಗಿಯಾದವರು ನಿತ್ಯದ ಮಿತಾಹಾರವನ್ನೇ ವ್ರತವೆಂದು ಭಾವಿಸಿ, ಪೂಜೆ, ಧ್ಯಾನ, ಜಾಗರಣೆಗಳಲ್ಲಿ ಶಕ್ತ್ಯನುಸಾರ ಭಾಗವಹಿಸುವುದು ಲೇಸು. ಸಂಕ್ರಾಂತಿಯ ಎಳ್ಳುಬೆಲ್ಲ, ಪಂಚಮಿಯ ಶೇಂಗಾ ಉಂಡಿ, ಎಳ್ಳುಂಡಿಗಳನ್ನು ನಾಲಗೆಯ ತೃಪ್ತಿಗೆ ಒಂದು ಚಿಟಿಕೆಗೆ ಸೀಮಿತಗೊಳಿಸಬೇಕು.

ಮೂರು ತಪ್ಪು ತಿಳಿವಳಿಕೆಗಳು

ಮೊದಲನೆಯದು ರಕ್ತದ ಕೊರತೆಗೆ ಸಂಬಂಧಿಸಿದ್ದು. ರಕ್ತ ಹೆಚ್ಚಲೆಂದು ಬೀಟ್‌ರೂಟ್ ರಸ, ದಾಳಿಂಬೆ ರಸ, ಅಂಜೂರ, ಖರ್ಜೂರ ಕೊಡುತ್ತಾರೆ. ಈ ರೋಗಿಗಳ ರಕ್ತಹೀನತೆಗೆ ಮುಖ್ಯ ಕಾರಣ, ಮೂತ್ರಪಿಂಡಗಳು ಉತ್ಪಾದಿಸಬೇಕಾದ ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನಿನ ಅಭಾವ. ಅದಕ್ಕೆ ಚುಚ್ಚುಮದ್ದು ಮತ್ತು ಕಬ್ಬಿಣಾಂಶದ ಚಿಕಿತ್ಸೆಯೇ ಮದ್ದು. ಹಣ್ಣಿನ ರಸದಿಂದ ರಕ್ತ ಏರದು, ಪೊಟ್ಯಾಸಿಯಂ ಮಾತ್ರ ಏರುತ್ತದೆ.

ಎರಡನೆಯದು ಸಕ್ಕರೆ ಕಾಯಿಲೆಯೂ ಇರುವವರದು. ರಕ್ತದಲ್ಲಿ ಸಕ್ಕರೆ ಕುಸಿದು ಬೆವರಿ ನಡುಗಿದಾಗ ಹಣ್ಣಿನ ರಸ ಅಥವಾ ಎಳನೀರನ್ನು ಕುಡಿಸಬಾರದು. ಮೂರು ಸಣ್ಣ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ಸ್ವಲ್ಪವೇ ನೀರಿನಲ್ಲಿ ಕದಡಿ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಮೂರನೆಯದು ಮನೆಮದ್ದು. ಬಾಳೆದಿಂಡಿನ ರಸ, ಬಾರ್ಲಿ ನೀರು ಮೂತ್ರದ ಕಲ್ಲಿಗೆ ಜನ ಬಳಸುವ ಪದಾರ್ಥಗಳು. ಕಲ್ಲಿನ ರೋಗಿಗೆ ನೀರು ಹೆಚ್ಚು ಬೇಕು. ಡಯಾಲಿಸಿಸ್ ರೋಗಿಗೆ ನೀರೇ ಭಾರ. ಒಬ್ಬರ ಮದ್ದು ಇನ್ನೊಬ್ಬರಿಗೆ ವಿಷವಾಗಬಹುದು. ಏನಿದೆಯೆಂದು ತಿಳಿಯದ ಪುಡಿ, ಭಸ್ಮಗಳನ್ನೂ ವೈದ್ಯರನ್ನು ಕೇಳದೆ ಸೇವಿಸಬಾರದು.

ಕಲಿಸುವ ಕ್ರಮ

ಪಥ್ಯವನ್ನು ರೋಗಿಗೆ ಮಾತ್ರ ಹೇಳಿದರೆ ಸಾಲದು. ಅಡುಗೆ ಮಾಡುವವರು ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ ಕೇಳಿಕೊಳ್ಳಬೇಕು. ಎಲ್ಲವನ್ನೂ ಒಂದೇ ದಿನ ಕಲಿಯಲಾಗದು. ಮೊದಲ ವಾರ ಎಳನೀರು, ಹಣ್ಣುಗಳ ನಿಷೇಧ. ಎರಡನೆಯ ವಾರ ನೀರಿನ ಬಾಟಲಿ, ತೂಕ ಮತ್ತು ಉಪ್ಪಿನ ಚಮಚ. ಮೂರನೆಯ ವಾರ ಬೇಳೆ, ಮೊಸರಿನ ಅಳತೆ. ಆಮೇಲೆ ಮಾತ್ರೆಯ ವೇಳೆ. ಹೀಗೆ ಹಂತಹಂತವಾಗಿ ಸಾಗಿದರೆ ಮನಸ್ಸಿಗೆ ಭಾರವಾಗದು. ಬೇಡವೆಂಬ ಪಟ್ಟಿಯ ಪಕ್ಕದಲ್ಲಿ ಬೇಕೆಂಬ ಪಟ್ಟಿಯೂ ಅಡುಗೆಮನೆಯ ಗೋಡೆಯ ಮೇಲಿರಲಿ. ಸಾಧ್ಯವಾದಷ್ಟು ಮನೆಮಂದಿಯೆಲ್ಲ ಕಡಿಮೆ ಉಪ್ಪಿನ ಅಡುಗೆಯನ್ನೇ ಉಂಡರೆ ರೋಗಿಗೆ ತಾನು ಒಬ್ಬಂಟಿ ಎನಿಸದು.

ಕೈಕಾಲುಗಳಲ್ಲಿ ಹಠಾತ್ ನಿಶ್ಶಕ್ತಿ, ಎದೆಬಡಿತದಲ್ಲಿ ಏರುಪೇರು, ಮಲಗಿದರೆ ಉಸಿರು ಕಟ್ಟುವುದು, ತೂಕ ಒಮ್ಮೆಲೇ ಏರುವುದು, ಇವು ಕಂಡುಬಂದರೆ ಮುಂದಿನ ಸರದಿಯವರೆಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ಯಾವ ಕಾರಣಕ್ಕೂ ಡಯಾಲಿಸಿಸ್‌ನ ಒಂದು ಸರದಿಯನ್ನೂ ತಪ್ಪಿಸಬಾರದು.

ಇನ್ನು ಮುಂದೆ ಡಯಾಲಿಸಿಸ್ ಪಡೆಯುವ ಬಂಧುಗಳನ್ನು ಕಾಣಲು ಹೋಗುವಾಗ ಎಳನೀರು, ಬಾಳೆಹಣ್ಣುಗಳ ಬದಲಿಗೆ ನಾಲ್ಕು ಸೇಬುಗಳನ್ನೋ ಒಂದು ತುಂಡು ಪನೀರನ್ನೋ ಒಯ್ಯಿರಿ. ಆಸ್ಪತ್ರೆಗೆ ಒಂದು ಸಲ ಜೊತೆಯಾಗಿ ಹೋಗಿ ಬನ್ನಿರಿ. ರೋಗಿಗೆ ಅದಕ್ಕಿಂತ ಹಿರಿದಾದ ಸೇವೆಯಿಲ್ಲ.